ನಾವು ‘ಕೋವಿಡ್ ಪಾಸ್’ ಅಲ್ಲ ಮಾರಾಯ್ರೇ

ಪ್ಲೇಸ್‌ಮೆಂಟ್ ಫಾರ್ಮ್ ತುಂಬುವಾಗ ಹತ್ತನೇ ಕ್ಲಾಸಿನ ಶೇಕಡಾ ಅಂಕ ಎಷ್ಟು ಅಂತ ಒಂದು ಕಾಲಂ ಬರ್ತದೆ. ಅದರ ಪಕ್ಕದಲ್ಲೇ ಪಾಸಾದ ವರ್ಷ. ನಾವು 2020 ಅಂತ ಬರೆದ ಕೂಡ್ಲೇ ಪಕ್ಕದಲ್ಲಿ ಕೂತ ಜೂನಿಯರ್ ಒಬ್ಬ ನಗಾಡಿದ. “ಓ, ನೀವು ಕೋವಿಡ್ ಪಾಸಾ? ಪರೀಕ್ಷೆ ಇಲ್ಲದೆ ಬಂದವರು!”

ಇದನ್ನು ನಾವು ನಾಲ್ಕು ವರ್ಷದಿಂದ ಕೇಳ್ತಾ ಇದ್ದೇವೆ. ಇನ್ನು ಎರಡು ತಿಂಗಳಲ್ಲಿ ಕಾಲೇಜು ಬಿಡುವವರು ನಾವು. ಬಿಡುವ ಮೊದಲು ಈ ಲೆಕ್ಕ ಒಮ್ಮೆ ಸರಿ ಮಾಡಿ ಹೋಗುವ ಅಂತ ಕನ್ನಡ ಸಂಘದಲ್ಲಿರುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಾವು ಏಳು ಜನ ಸೇರಿ ಇದನ್ನು ಬರೆದಿದ್ದೇವೆ. ಹೈಸ್ಕೂಲಿನ ನೆನಪು ಬರೆಯಿರಿ ಅಂದಿದ್ದರು ಸಂಪಾದಕರು. ನಮಗೆ ನೆನಪಿಗಿಂತ ಮೊದಲು ವಿವರಣೆಯೇ ಕೊಡಬೇಕಾಗಿದೆ.

ವಿಷಯ ಇಷ್ಟು. ಹಿಂದೆ ಮುಂದೆ ಇರುವ ಮೂರು ಬ್ಯಾಚುಗಳನ್ನು ಜನ ಒಂದೇ ಚೀಲಕ್ಕೆ ಹಾಕ್ತಾರೆ. ನಮಗಿಂತ ಒಂದು ವರ್ಷ ಹಿರಿಯರು 2019ರಲ್ಲಿ ಎಸ್ಸೆಲ್ಸಿಯನ್ನು ಎಲ್ಲರ ಹಾಗೆ ಬರೆದರು. ಆದರೆ 2021ರಲ್ಲಿ ಅವರ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಎಸ್ಸೆಲ್ಸಿ ಅಂಕದಿಂದ ಶೇ. 45, ಪ್ರಥಮ ಪಿಯುಸಿಯಿಂದ ಶೇ. 45, ಆಂತರಿಕ ಅಂಕ ಶೇ. 10, ಹೀಗೆ ಕೂಡಿಸಿ ಫಲಿತಾಂಶ ಕೊಟ್ಟರು. ನಮಗಿಂತ ಒಂದು ವರ್ಷ ಕಿರಿಯರಿಗೆ 2021ರ ಜುಲೈ 19 ಮತ್ತು 22ರಂದು ಎರಡೇ ದಿನದ ಎಸ್ಸೆಲ್ಸಿ. ಒಂದು ದಿನ ಗಣಿತ, ವಿಜ್ಞಾನ, ಸಮಾಜ. ಇನ್ನೊಂದು ದಿನ ಮೂರು ಭಾಷೆ. ವಿಷಯಕ್ಕೆ 40 ಅಂಕ, ಎಲ್ಲ ಬಹು ಆಯ್ಕೆ ಪ್ರಶ್ನೆ, ಒಎಂಆರ್ ಹಾಳೆಯಲ್ಲಿ ಗುಂಡು ತುಂಬಿಸುವುದು. ಬರೆದವರನ್ನು ಫೇಲ್ ಮಾಡುವುದಿಲ್ಲ ಅಂತ ಮೊದಲೇ ಹೇಳಿದ್ದರು. ಅವರದ್ದೂ ಅವರ ತಪ್ಪಲ್ಲ, ಅದು ಬೇರೆ ಮಾತು.

ನಡುವಿನವರು ನಾವು. ಆರು ಪೇಪರು, ಪೂರ್ತಿ ಸಿಲೆಬಸ್, ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ನೂರು ನೂರು. ಪ್ರಥಮ ಭಾಷೆಯಲ್ಲಿ 25, ಉಳಿದವುಗಳಲ್ಲಿ 20 ಆಂತರಿಕ ಅಂಕ ಬಿಟ್ಟರೆ ಬಾಕಿ ಎಲ್ಲ ಬರೆದೇ ಗಳಿಸಬೇಕು. ಆ ವರ್ಷ ಪಕ್ಕದ ತೆಲಂಗಾಣ, ತಮಿಳುನಾಡು ಪರೀಕ್ಷೆ ರದ್ದು ಮಾಡಿ ಎಲ್ಲರನ್ನೂ ಪಾಸ್ ಮಾಡಿದವು. ಕರ್ನಾಟಕ ಮಾಡಲಿಲ್ಲ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ನಮ್ಮ ಪರೀಕ್ಷೆ ಜೂನ್ 25ಕ್ಕೆ ಶುರುವಾಯಿತು, ಅಷ್ಟೇ. ಓದಿದ್ದನ್ನು ಮೂರು ತಿಂಗಳು ತಲೆಯಲ್ಲಿ ಇಟ್ಟುಕೊಂಡು ಕೂತವರಿಗೆ ಮಾತ್ರ ಗೊತ್ತು ‘ಅಷ್ಟೇ’ ಅಂದರೆ ಎಷ್ಟು ಅಂತ.

ನಿಜ ಹೇಳಬೇಕೆಂದರೆ ನಮ್ಮ ಹತ್ತನೇ ಕ್ಲಾಸು ಹದ ತಪ್ಪಿದ್ದು ಕೊರೊನಾದಿಂದ ಅಲ್ಲ, ಮಳೆಯಿಂದ. 2019ರ ಆಗಸ್ಟ್. ಜಿಲ್ಲಾಧಿಕಾರಿಯವರ ರಜೆ ಎಂದರೆ ನಮ್ಮ ಕಡೆ ಮಕ್ಕಳಿಗೆ ಹಬ್ಬ. ರಾತ್ರಿ ಟಿವಿ ಎದುರು ಕಾದು ಕೂರುವುದೇ. ಆ ಸಲ ಹಾಗಾಗಲಿಲ್ಲ. ಆಗಸ್ಟ್ 9ರ ಹೊತ್ತಿಗೆ ಬೆಳ್ತಂಗಡಿಯ ಘಟ್ಟದ ಬುಡದಲ್ಲಿ, ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಜರಿದು ಹೊಳೆಗಳು ತೋಟಕ್ಕೇ ನುಗ್ಗಿದವು. ನೀರು ಇಳಿದ ಮೇಲೆ ನೋಡಿದರೆ ಅಡಿಕೆ ತೋಟ ಇದ್ದಲ್ಲಿ ಮರಳು, ದಿಮ್ಮಿ, ಬಂಡೆ. ಕಾಲುಸಂಕಗಳು ಹೋಗಿದ್ದವು. ಚಾರ್ಮಾಡಿ ಘಾಟಿ ಬಂದಾಯಿತು. ಅದೇ ನೀರು ಕೆಳಗೆ ಬಂದು ನೇತ್ರಾವತಿ ತುಂಬಿ ಬಂಟ್ವಾಳ ಪೇಟೆಯ ತಗ್ಗಿಗೆ ಹೊಕ್ಕಿತು. ಮೂಡುಬಿದಿರೆಯವರಿಗೆ ರಜೆ ಮಾತ್ರ ಸಿಕ್ಕಿತು. ಈಗಲೂ ನಮ್ಮಲ್ಲಿ ಈ ಬಗ್ಗೆ ಜಗಳ ಉಂಟು: “ನಿಮಗೆ ರಜೆ, ನಮಗೆ ನೆರೆ” ಅಂತ.

ಸಂಕ ಹೋದ ಮೇಲೆ ನಮ್ಮಲ್ಲಿ ಒಬ್ಬಳು ಶಾಲೆಗೆ ಬರಲಿಕ್ಕೆ ಸುತ್ತು ಹಾಕಿ ಒಂದೂವರೆ ಗಂಟೆ ನಡೆಯುತ್ತಿದ್ದಳು. ನಾಲ್ಕು ಅಡಿಕೆ ಮರ ಕಡಿದು ಅಡ್ಡ ಹಾಕಿ, ಬಿದಿರಿನ ಕೈತಾಂಗು ಕಟ್ಟಿ ಊರವರೇ ಹೊಸ ಸಂಕ ಮಾಡುವವರೆಗೆ ಅದೇ ದಾರಿ. ಎಂಟನೇ ಕ್ಲಾಸಿನಲ್ಲಿ ಸರಕಾರದ ಸೈಕಲ್ ಸಿಕ್ಕಿತ್ತು ಅವಳಿಗೆ. ನಮ್ಮ ಗುಡ್ಡದ ಊರುಗಳಲ್ಲಿ ಆ ಸೈಕಲಿನ ಕತೆ ನಿಮಗೆ ಗೊತ್ತಿರಬಹುದು. ಹೋಗುವಾಗ ಅದು ನಮ್ಮನ್ನು ಹೊರುತ್ತದೆ, ಬರುವಾಗ ನಾವು ಅದನ್ನು. ರಜೆಗೆ ಬದಲಾಗಿ ಶನಿವಾರ ಮಧ್ಯಾಹ್ನವೂ ಕ್ಲಾಸು ನಡೆಯಿತು. ಪ್ರತಿಭಾ ಕಾರಂಜಿಗೆ ಅಭ್ಯಾಸ ಮಾಡುವ ಹೊತ್ತೆಲ್ಲ ಅದರಲ್ಲೇ ಹೋಯಿತು. ಆದರೂ ಡಿಸೆಂಬರ್ ಒಳಗೆ ಪಾಠ ಮುಗಿಸಿದ್ದರು ನಮ್ಮ ಟೀಚರುಗಳು. ಜನವರಿಯಿಂದ ಬರೀ ಪುನರಾವರ್ತನೆ.

ಹಾಗೆ ಮಾರ್ಚಿಗೆ ನಾವು ರೆಡಿ. ಮಾರ್ಚ್ ಮಧ್ಯದಲ್ಲಿ ಕೆಳಗಿನ ಕ್ಲಾಸಿನವರಿಗೆಲ್ಲ ರಜೆ ಕೊಟ್ಟರು, ನಿಮ್ಮದು ಮಾತ್ರ ನಡೆಯುತ್ತದೆ ಅಂದರು. ಹಾಲ್ ಟಿಕೆಟ್ ಕೈಯಲ್ಲಿ. ಆಮೇಲೆ ಮುಂದೂಡಿದ್ದೇವೆ ಅಂದರು, 24ರ ರಾತ್ರಿ ಲಾಕ್‌ಡೌನ್. ಆ ತಿಂಗಳ ಕೊನೆಗೇ ಬಂಟ್ವಾಳ ತಾಲೂಕಿನ ಸಜಿಪನಡು ಗ್ರಾಮ ಸೀಲ್, ಏಪ್ರಿಲ್‌ನಲ್ಲಿ ಬಂಟ್ವಾಳ ಕಸಬಾ ಸೀಲ್. ಕೇರಳದ ಕಡೆಯ ರಸ್ತೆಗಳಿಗೆ ಮಣ್ಣು ಹಾಕಿ ಮುಚ್ಚಿದರು. ವಿಟ್ಲದ ಆಚೆ ಗಡಿ ಎಂಬುದೊಂದು ನಿಜವಾಗಿ ಉಂಟು ಅಂತ ನಮಗೆ ಗೊತ್ತಾದದ್ದೇ ಆವಾಗ. ಅಲ್ಲಿಯವರೆಗೆ ಅದು ಬಸ್ಸಿನ ಒಂದು ಸ್ಟಾಪು.

ಆ ಮೂರು ತಿಂಗಳಲ್ಲಿ ಓದಿದ್ದು ಹೇಗೆ? ಚಂದನ ವಾಹಿನಿಯಲ್ಲಿ ಪುನರ್ಮನನ ತರಗತಿ ಬರುತ್ತಿತ್ತು, ಕರೆಂಟ್ ಇದ್ದರೆ ನೋಡುವುದು. ಶಾಲೆಯ ವಾಟ್ಸಪ್ ಗ್ರೂಪಿಗೆ ಸರ್ ಪ್ರಶ್ನೆಪತ್ರಿಕೆ ಹಾಕುತ್ತಿದ್ದರು. ಅದಕ್ಕೆ ಅಪ್ಪನ ಮೊಬೈಲು, ಅದಕ್ಕೆ ಗುಡ್ಡೆಯ ತಲೆಗೆ ಹೋಗಬೇಕು. ಉಳಿದ ಹೊತ್ತು ಅಂಗಳದಲ್ಲಿ ಒಣಗಿದ ಅಡಿಕೆ ಸುಲಿಯುವುದು. ಬೀಡಿ ಕಟ್ಟುವ ಮನೆಗಳಿಗೆ ಎಲೆ-ಹೊಗೆಸೊಪ್ಪು ಸಿಗದೆ ಅಮ್ಮಂದಿರ ಕೈ ಖಾಲಿ ಕೂತಿತ್ತು. ನಮ್ಮ ಏಳು ಜನರಲ್ಲಿ ಮೂವರ ಮನೆಯಲ್ಲಿ ವಾರದ ಖರ್ಚು ಆ ದುಡ್ಡಿನದ್ದು. ಪರೀಕ್ಷೆ ರದ್ದಾಗಲಿ ಅಂತ ನಾವು ಹರಕೆ ಹೊತ್ತದ್ದೂ ಉಂಟು, ಸುಳ್ಳು ಹೇಳುವುದಿಲ್ಲ. ನಿಲ್ಲಿಸಬೇಕೆಂದು ಕೆಲವರು ಹೈಕೋರ್ಟಿಗೂ ಹೋದರು. ತಡೆ ಸಿಗಲಿಲ್ಲ. ಜೂನ್ 18ಕ್ಕೆ ದ್ವಿತೀಯ ಪಿಯುಸಿಯ ಬಾಕಿ ಇದ್ದ ಇಂಗ್ಲಿಷ್ ಪರೀಕ್ಷೆ ನಡೆದು ಹೋದಾಗಲೇ ನಮ್ಮದೂ ಗ್ಯಾರಂಟಿ ಅಂತ ಗೊತ್ತಾಯಿತು.

ಜೂನ್ 25, ಗುರುವಾರ. ಮೊದಲ ಪೇಪರೇ ಇಂಗ್ಲಿಷ್. ಕನ್ನಡ ಮಾಧ್ಯಮದವರಿಗೆ ಅದಕ್ಕಿಂತ ಕೆಟ್ಟ ಆರಂಭ ಬೇರೆ ಬೇಡ. ಗೇಟಿನಲ್ಲಿ ಹಣೆಗೆ ಥರ್ಮಲ್ ಸ್ಕ್ಯಾನರ್, ಕೈಗೆ ಸ್ಯಾನಿಟೈಸರ್, ಮುಖಕ್ಕೆ ಮಾಸ್ಕ್. ಒಂದು ಕೋಣೆಯಲ್ಲಿ ಇಪ್ಪತ್ತರ ಒಳಗೆ ಮಕ್ಕಳು. ಜ್ವರ ಇದ್ದವರಿಗೆ ಬೇರೆ ಕೋಣೆ. ಕಾಸರಗೋಡಿನಿಂದ ಬಂದು ನಮ್ಮ ಜಿಲ್ಲೆಯಲ್ಲಿ ಕಲಿಯುವ ಮಕ್ಕಳನ್ನು ತಲಪಾಡಿ ಗಡಿಯಿಂದ ಬಸ್ಸಿನಲ್ಲಿ ಕೇಂದ್ರಕ್ಕೆ ಕರೆತಂದರು. ಜೋರು ಮಳೆ. ಒದ್ದೆಯಾದ ಮಾಸ್ಕಿನಲ್ಲಿ ಉಸಿರು ತೆಗೆಯುವುದು ಹೇಗೆ ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ. 27ಕ್ಕೆ ಗಣಿತ, 29ಕ್ಕೆ ವಿಜ್ಞಾನ, ಜುಲೈ 1 ಸಮಾಜ, 2ಕ್ಕೆ ಕನ್ನಡ, 3ಕ್ಕೆ ಹಿಂದಿ. ಮುಗಿದ ದಿನ ಯೂನಿಫಾರ್ಮಿನ ಮೇಲೆ ಸಹಿ ಹಾಕಿಸಿಕೊಳ್ಳುವುದು, ಬಣ್ಣ ಎರಚುವುದು ಯಾವುದೂ ಇಲ್ಲ. ನಮ್ಮ ಸರ್ ಒಬ್ಬರು ಕೊಡೆ ಹಿಡಿದು ಗೇಟಿನಲ್ಲಿ ನಿಂತು “ದೂರ ದೂರ ಹೋಗಿ ಮಕ್ಳೇ” ಅಂತ ಒಬ್ಬೊಬ್ಬರನ್ನೇ ಕಳಿಸಿದರು. ಮೂರು ವರ್ಷ “ಲೈನಲ್ಲಿ ಒಟ್ಟಿಗೆ ನಿಲ್ಲಿ” ಅಂತ ಬೈದವರು ಅವರೇ. ಆಗಸ್ಟ್ 10ಕ್ಕೆ ಫಲಿತಾಂಶ ಬಂತು. ರಾಜ್ಯದಲ್ಲಿ ಪಾಸಾದವರು ಶೇ. 71.80. ಅಂದರೆ ನೂರರಲ್ಲಿ ಇಪ್ಪತ್ತೆಂಟು ಮಂದಿ ಫೇಲ್. ‘ಕೋವಿಡ್ ಪಾಸ್’ ಅನ್ನುವವರು ಈ ಸಂಖ್ಯೆ ಒಮ್ಮೆ ನೋಡಬೇಕು.

ನಮಗೆ ಪೆಟ್ಟು ಬಿದ್ದದ್ದು ಅದರ ನಂತರ. ಕನ್ನಡ ಮಾಧ್ಯಮದಿಂದ ಸೈನ್ಸ್ ತಗೊಂಡವರಿಗೆ ಪಿಯುಸಿಯ ಮೊದಲ ಮೂರು ತಿಂಗಳು ಅಂದರೆ ಭಾಷೆ ದಾಟುವ ಕಾಲ. ವೇಗೋತ್ಕರ್ಷ ಅಂತ ಕಲಿತದ್ದು ಆಕ್ಸಿಲರೇಷನ್, ವಿಭವಾಂತರ ಅಂದರೆ ಪೊಟೆನ್ಶಿಯಲ್ ಡಿಫರೆನ್ಸ್, ಪೀನ ಮಸೂರ ಕಾನ್ವೆಕ್ಸ್ ಲೆನ್ಸ್, ಸಮಾಂತರ ಶ್ರೇಢಿ ಅರಿತ್ಮೆಟಿಕ್ ಪ್ರೊಗ್ರೆಶನ್. ವಿಷಯ ಗೊತ್ತುಂಟು, ಹೆಸರು ಗೊತ್ತಿಲ್ಲ. ಸಾಮಾನ್ಯವಾಗಿ ಇದು ಕ್ಲಾಸಿನಲ್ಲಿ ಪಕ್ಕದವನನ್ನು ಕೇಳಿ, ಟೀಚರ್ ಹತ್ತಿರ ತುಳುವಿನಲ್ಲಿ ಒಮ್ಮೆ ಹೇಳಿಸಿಕೊಂಡು ಸರಿಯಾಗುವ ಕೆಲಸ. ನಮಗೆ ಪಕ್ಕದವನೇ ಇರಲಿಲ್ಲ. ಪ್ರಥಮ ಪಿಯುಸಿ ಕ್ಲಾಸು ಎದುರೆದುರು ಶುರುವಾದದ್ದು 2021ರ ಫೆಬ್ರವರಿಗೆ. ಅಲ್ಲಿಯವರೆಗೆ ಮೊಬೈಲಿನಲ್ಲಿ ಒಡೆದು ಒಡೆದು ಬರುವ ಇಂಗ್ಲಿಷ್. ನಮ್ಮ ಅಭಿಪ್ರಾಯ ಕೇಳಿದರೆ, ನಮ್ಮ ಬ್ಯಾಚಿನಲ್ಲಿ ಕಳೆದುಹೋದದ್ದು ಪರೀಕ್ಷೆ ಅಲ್ಲ, ಈ ದಾಟುವ ಸಂಕ. ಇಂಗ್ಲಿಷ್ ಮಾಧ್ಯಮದವರು ಕೂಡ ಕಷ್ಟಪಟ್ಟರು, ಒಪ್ಪುತ್ತೇವೆ. ಆದರೆ ಅವರಿಗೆ ಹೊಳೆ ಒಂದೇ, ನಮಗೆ ಎರಡು.

ಎಲ್ಲರೂ ದಾಟಲಿಲ್ಲ. ನಮ್ಮಲ್ಲಿ ಒಬ್ಬನ ಪಕ್ಕದ ಬೆಂಚಿನವನಿಗೆ ಗಣಿತದಲ್ಲಿ ನಮಗೆಲ್ಲರಿಗಿಂತ ಹೆಚ್ಚು ಅಂಕ. ಅವನೂ ಸೈನ್ಸ್ ಸೇರಿದ. ಮನೆಯಲ್ಲಿ ಇದ್ದ ಒಂದೇ ಮೊಬೈಲು ಅಣ್ಣನ ಕೆಲಸಕ್ಕೆ ಬೇಕಿತ್ತು. ಡಿಸೆಂಬರ್ ಹೊತ್ತಿಗೆ ಫೀಸಿನ ಎರಡನೇ ಕಂತು ಕಟ್ಟಲಿಲ್ಲ, ಬಿಟ್ಟ. ಸುದ್ದಿ ನಮಗೆ ಗೊತ್ತಾದದ್ದು ಫೆಬ್ರವರಿಯಲ್ಲಿ ಕ್ಲಾಸಿಗೆ ಹೋಗಿ ಅವನ ಜಾಗ ಹುಡುಕಿದಾಗ. ನಾವು ಯಾರೂ ಮಧ್ಯದಲ್ಲಿ ಒಂದು ಫೋನ್ ಮಾಡಿರಲಿಲ್ಲ.

ಉಳಿದದ್ದು ಬೇಗ ಹೇಳುತ್ತೇವೆ. 2022ರ ಏಪ್ರಿಲ್-ಮೇಯಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಸರಿಯಾಗಿಯೇ ನಡೆಯಿತು, ಜೂನ್‌ನಲ್ಲಿ ಸಿಇಟಿ. ಹಿಂದಿನ ವರ್ಷದವರ ಪರೀಕ್ಷೆಯಿಲ್ಲದ ಪಿಯು ಅಂಕ ಸಿಇಟಿ ರ‍್ಯಾಂಕಿಗೆ ಸೇರಿಸಬೇಕೋ ಬೇಡವೋ ಅಂತ ಹೈಕೋರ್ಟಿನಲ್ಲಿ ವ್ಯಾಜ್ಯ, ಸೀಟು ಹಂಚಿಕೆ ತಡ. ಹೀಗಾಗಿ ಇಲ್ಲಿಗೆ ಬಂದದ್ದೂ ತಡವಾಗಿಯೇ. ಈಗಿನ ಮಕ್ಕಳಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಎಸ್ಸೆಲ್ಸಿ ಪರೀಕ್ಷೆ ಬರೆಯುವ ಅವಕಾಶ ಉಂಟಂತೆ. ಒಳ್ಳೆಯದೇ.

ಲಾಕ್‌ಡೌನಿನಲ್ಲಿ ಪ್ರಶ್ನೆಪತ್ರಿಕೆ ಹಂಚಲು ಮಾಡಿದ ಆ ವಾಟ್ಸಪ್ ಗ್ರೂಪು ಇನ್ನೂ ಇದೆ. ಹೆಸರು ‘ಎಸ್ಸೆಲ್ಸಿ ಮಾರ್ಚ್ 27’, ಯಾರೂ ಬದಲಾಯಿಸಲಿಲ್ಲ. ಬೆಂಚಿನ ಆ ಗೆಳೆಯ ಈಗ ಕಾರ್ಬನ್ ಫೈಬರ್ ದೋಟಿಯಲ್ಲಿ ಅಡಿಕೆ ಕೊಯ್ಯುತ್ತಾನೆ, ಮಳೆಗಾಲಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾನೆ. ಬೆಳ್ತಂಗಡಿಯಿಂದ ಬಂಟ್ವಾಳದವರೆಗೆ ಅವನಿಗೆ ಬುಕಿಂಗ್. ಹೋದ ವಾರ ಗ್ರೂಪಿನಲ್ಲಿ ಒಂದು ಚಿತ್ರ ಹಾಕಿದ. ಅರುವತ್ತು ಅಡಿಯ ದೋಟಿ ಹಿಡಿದು ಮೇಲೆ ನೋಡುತ್ತಿದ್ದಾನೆ. ಕೆಳಗೆ ಪ್ರಶ್ನೆ: “ಇಂಜಿನಿಯರುಗಳೇ, ಇದು ಬಾಗುವಾಗ ತುದಿಯಲ್ಲಿ ಒಡೆಯುವುದು ಯಾಕೆ, ನಡುವಿನಲ್ಲಿ ಯಾಕಲ್ಲ? ಕನ್ನಡದಲ್ಲಿ ಹೇಳಿ.”

ಮೆಕ್ಯಾನಿಕಲ್‌ನ ಇಬ್ಬರು ಇನ್ನೂ ಉತ್ತರ ಬರೆಯುತ್ತಾ ಇದ್ದಾರೆ.