ಎಜುಕೇಶನ್ ಹಿಲ್‌ನಲ್ಲಿ ಒರೆಸುವ ಬಟ್ಟೆಯ ಪಾಠ

ಕಳೆದ ವರ್ಷ ರಜೆಯಲ್ಲಿ ನಾವಿಬ್ಬರೂ ಊರಿಗೆ ಹೋಗಲಿಲ್ಲ, ಅಮೆರಿಕಕ್ಕೆ ಹೋದೆವು. ಮಗಳು, ಅಳಿಯ ಮತ್ತು ಮೊಮ್ಮಗ ಇರುವುದು ಸಿಯಾಟಲ್ ಹತ್ತಿರದ ರೆಡ್ಮಂಡ್ ಎಂಬ ಊರಿನ ಎಜುಕೇಶನ್ ಹಿಲ್‌ನಲ್ಲಿ. ಹೆಸರಿಗೆ ತಕ್ಕಂತೆ ಗುಡ್ಡದ ಮೇಲೆಲ್ಲ ಶಾಲೆಗಳು. ರೆಡ್ಮಂಡ್ ಹೈಸ್ಕೂಲ್ ಅಲ್ಲೇ ಇದೆ, ಹೊರೇಸ್ ಮ್ಯಾನ್ ಮತ್ತು ನಾರ್ಮನ್ ರಾಕ್‌ವೆಲ್ ಎಂಬ ಪ್ರಾಥಮಿಕ ಶಾಲೆಗಳೂ ಅಲ್ಲೇ ಇವೆ. ಮೈಕ್ರೋಸಾಫ್ಟ್ ಕಂಪನಿಯ ಮುಖ್ಯ ಕಚೇರಿ 1986ರಿಂದ ಇದೇ ರೆಡ್ಮಂಡ್‌ನಲ್ಲಿ ಇರುವುದರಿಂದ ಸಂಜೆ ನಡೆಯಲು ಹೊರಟರೆ ಒಂದೆರಡು ಕನ್ನಡದ ಮಾತು ಕಿವಿಗೆ ಬೀಳದೆ ಇರುವುದಿಲ್ಲ.

ಆದರೆ ಅಲ್ಲಿ ನಮ್ಮ ಮಗಳ ಮನೆಗೆ ಕೆಲಸದವರು ಬರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ಬಂದು, ಶನಿವಾರ ಭಾನುವಾರ ತಾವೇ ಮನೆ ಒರೆಸಬೇಕು, ತಾವೇ ಬಚ್ಚಲು ತೊಳೆಯಬೇಕು. ಚಳಿಗಾಲದ ಮಳೆಯಲ್ಲಿ ಕಿಟಕಿಯ ಗಾಜಿನ ಒಳಬದಿಗೆ ನೀರು ಹನಿಗಟ್ಟುತ್ತದೆ. ಒರೆಸದೆ ಬಿಟ್ಟರೆ ಚೌಕಟ್ಟಿಗೆ ಕಪ್ಪು ಬೂಷ್ಟು. ಬೇಸಿಗೆಗೆ ಮುಂಚೆ ಮರಗಳ ಹಳದಿ ಪರಾಗ ಕಾರಿನ ಮೇಲೆ, ಜಗಲಿಯ ಮೇಲೆ ಕೂರುತ್ತದೆ. 2020ರ ಸೆಪ್ಟೆಂಬರಿನಲ್ಲಿ ಕಾಡ್ಗಿಚ್ಚಿನ ಹೊಗೆ ದಿನಗಟ್ಟಲೆ ಆ ಕಡೆ ಕವಿದಿತ್ತು. ನಮಗೆ ಮರಳುಗಾಳಿ, ಅವರಿಗೆ ಹೊಗೆ. ಒರೆಸುವ ಕೆಲಸ ಮಾತ್ರ ಎರಡೂ ಕಡೆ ಒಂದೇ.

ಹೋದ ಮೊದಲ ಶನಿವಾರ ಮಗಳು ಕಿಟಕಿ ಒರೆಸುತ್ತಿದ್ದಳು. ಒರೆಸಿದಷ್ಟೂ ಗಾಜಿನ ಮೇಲೆ ಎಣ್ಣೆ ಸವರಿದ ಹಾಗೆ ಗೆರೆ.

“ಅಮ್ಮ, ಈ ಬಟ್ಟೆಗಳೆಲ್ಲ ಹಾಳಾಗಿವೆ. ಬಿಸಾಡಿ ಹೊಸ ಕಟ್ಟು ತರಬೇಕು” ಎಂದಳು.

ಅದು ಕಾಸ್ಟ್‌ಕೊ ಅಂಗಡಿಯಲ್ಲಿ 36ರ ಕಟ್ಟಿನಲ್ಲಿ ಸಿಗುವ ಹಳದಿ ಮೈಕ್ರೋಫೈಬರ್ ಬಟ್ಟೆ. ಕಟ್ಟಿನ ಮೇಲಿರುವ ‘ಕರ್ಕ್‌ಲ್ಯಾಂಡ್’ ಎಂಬ ಹೆಸರು ರೆಡ್ಮಂಡ್‌ನ ಪಕ್ಕದ ಊರಿನದೇ. ಆ ಕಂಪನಿಯ ಮುಖ್ಯ ಕಚೇರಿ ಹಿಂದೆ ಕರ್ಕ್‌ಲ್ಯಾಂಡ್‌ನಲ್ಲಿತ್ತು, 1995ರಲ್ಲಿ ತನ್ನ ಸ್ವಂತ ಸರಕಿಗೆ ಆ ಊರಿನ ಹೆಸರನ್ನೇ ಇಟ್ಟಿತು. ಪಕ್ಕದ ಊರಿನ ಹೆಸರು ಹೊತ್ತ ಬಟ್ಟೆ ಆ ಹೊತ್ತಿಗೆ ಕಸದ ಡಬ್ಬಿಯ ಬಾಯಿಯಲ್ಲಿತ್ತು.

ನಮ್ಮಲ್ಲೊಬ್ಬರು 22 ವರ್ಷದಿಂದ ಗಲ್ಫಿನಲ್ಲಿ ಕಟ್ಟಡಗಳ ಸ್ವಚ್ಛತೆಯ ಕಂಪನಿಯಲ್ಲಿದ್ದಾರೆ. ಕ್ಲೀನರ್ ಆಗಿ ಸೇರಿ ಈಗ ಸೂಪರ್‌ವೈಸರ್. ಬಟ್ಟೆ ಕೈಗೆ ತೆಗೆದುಕೊಂಡು ಮೂಸಿದರು. ಹೂವಿನ ಪರಿಮಳ. “ಸಾಫ್ಟನರ್ ಹಾಕಿ ತೊಳೆದೆಯಾ?” ಎಂದು ಕೇಳಿದರು. ಹೌದು, ಬಟ್ಟೆ ಮೆತ್ತಗಿರಲಿ ಎಂದು ಪ್ರತಿ ವಾರ ಹಾಕುತ್ತಿದ್ದಳಂತೆ. ಬಟ್ಟೆ ಕೆಟ್ಟಿರಲಿಲ್ಲ, ಅದರ ಎಳೆಗಳ ಬಾಯಿ ಕಟ್ಟಿತ್ತು.

ಕಿತ್ತಳೆಯ ತೊಳೆಯಂಥ ಎಳೆ

ಮೊದಲು ಈ ಬಟ್ಟೆ ಏನೆಂದು ತಿಳಿಯೋಣ. ಊರಲ್ಲಿ ನಮ್ಮ ಮಸಿಬಟ್ಟೆ ಎಂದರೆ ಹರಿದ ಬನಿಯನ್, ಹಳೆ ಪಂಚೆ, ಸವೆದ ಬೈರಾಸ. ಹತ್ತಿ ನೀರನ್ನು ಚೆನ್ನಾಗಿ ಹೀರುತ್ತದೆ, ಆದರೆ ಸಣ್ಣ ಧೂಳನ್ನು ಮತ್ತು ಜಿಡ್ಡನ್ನು ಅಷ್ಟಾಗಿ ಹಿಡಿಯದೆ ಮುಂದಕ್ಕೆ ತಳ್ಳುತ್ತದೆ. ಮೈಕ್ರೋಫೈಬರ್ ಹತ್ತಿಯಲ್ಲ. ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಂಬ ಎರಡು ಪ್ಲಾಸ್ಟಿಕ್‌ಗಳನ್ನು ಕೂಡಿಸಿ ನೂತ ಎಳೆ. ನೂಲಿನ ದಪ್ಪವನ್ನು ಡೆನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 9,000 ಮೀಟರ್ ಉದ್ದದ ಎಳೆ 1 ಗ್ರಾಂ ತೂಗಿದರೆ ಅದು 1 ಡೆನಿಯರ್. ಮೈಕ್ರೋಫೈಬರಿನ ಎಳೆ ಅದಕ್ಕಿಂತಲೂ ಸಪೂರ. ಇಂಥ ಅತಿ ಸಪೂರ ಎಳೆಯಿಂದ 1970ರಲ್ಲಿ ಜಪಾನಿನ ಟೋರೆ ಕಂಪನಿಯ ವಿಜ್ಞಾನಿ ಮಿಯೋಷಿ ಒಕಾಮೊಟೊ ಚರ್ಮದಂತೆ ಕಾಣುವ ಉಡುಪಿನ ಬಟ್ಟೆ ತಯಾರಿಸಿದರು. ಒರೆಸುವ ಬಟ್ಟೆಯಾಗಿ ಇದು ಮನೆಮನೆಗೆ ಬಂದದ್ದು ಆಮೇಲೆ.

ಒಳ್ಳೆಯ ಒರೆಸುವ ಬಟ್ಟೆಯಲ್ಲಿ ಪ್ರತಿ ಎಳೆಯನ್ನೂ ಮತ್ತೆ ಸೀಳಿರುತ್ತಾರೆ. ಕಿತ್ತಳೆಯನ್ನು ಅಡ್ಡ ಕೊಯ್ದರೆ ಒಳಗೆ ತೊಳೆಗಳು ಕಾಣುತ್ತವಲ್ಲ, ಸೀಳಿದ ಎಳೆಯೂ ಹಾಗೆಯೇ. ತೊಳೆಯ ಚೂಪು ಅಂಚು ಕೊಳೆಯನ್ನು ಕೆರೆದು ಎತ್ತುತ್ತದೆ, ತೊಳೆಗಳ ನಡುವಿನ ಸಂದು ನೀರನ್ನೂ ಧೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರಿಗೆ ಜಿಡ್ಡು ಅಂಟುತ್ತದೆ. ಹಾಗಾಗಿ ಬರಿ ನೀರಿನಲ್ಲೇ ಅರ್ಧ ಕೆಲಸ ಆಗುತ್ತದೆ. ಸಾಫ್ಟನರ್ ಬಟ್ಟೆಯ ಮೇಲೆ ಒಂದು ಜಿಡ್ಡಿನ ಪದರ ಬಿಡುತ್ತದೆ. ಆ ಪದರ ಸಂದುಗಳನ್ನು ಮುಚ್ಚಿದ ಮೇಲೆ ಬಟ್ಟೆ ನೀರು ಹೀರುವುದಿಲ್ಲ, ಗಾಜಿಗೆ ಗೆರೆ ಬಳಿಯುತ್ತದೆ.

ಮಗಳ 36 ಬಟ್ಟೆಗಳನ್ನು ನಾವು ಮತ್ತೆ ಬೆಚ್ಚಗಿನ ನೀರಿನಲ್ಲಿ, ಸ್ವಲ್ಪ ದ್ರವ ಸೋಪು ಹಾಕಿ ಎರಡು ಸಲ ಒಗೆದೆವು. ಕೊನೆಯ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಸೇರಿಸಿದೆವು. ಭಾನುವಾರ ಮಧ್ಯಾಹ್ನ ಅದೇ ಬಟ್ಟೆಯಲ್ಲಿ ಅದೇ ಕಿಟಕಿ ಗೆರೆಯಿಲ್ಲದೆ ಸ್ವಚ್ಛವಾಯಿತು.

ಕೊಳ್ಳುವಾಗ

ಪೊಟ್ಟಣದ ಮೇಲೆ ಎರಡು ಅಂಕಿ ನೋಡಿ. ಮೊದಲನೆಯದು 80/20 ಅಥವಾ 70/30 ಎಂಬ ಪ್ರಮಾಣ. ಮೊದಲ ಅಂಕಿ ಪಾಲಿಯೆಸ್ಟರ್, ಎರಡನೆಯದು ಪಾಲಿಅಮೈಡ್. ಮನೆಗೆಲಸಕ್ಕೆ 80/20 ಧಾರಾಳ ಸಾಕು. ಪಾಲಿಅಮೈಡ್ ಹೆಚ್ಚಿದ್ದರೆ ಬಟ್ಟೆ ಇನ್ನಷ್ಟು ಮೃದು, ಬೆಲೆಯೂ ಹೆಚ್ಚು. ಎರಡನೆಯದು ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಗಾಜು, ಕನ್ನಡಿಗೆ 200ರಿಂದ 250ರ, ಗೊಂಡೆಯಿಲ್ಲದ ತೆಳು ಬಟ್ಟೆ. ಅಡುಗೆ ಕಟ್ಟೆ, ಮೇಜು, ಧೂಳಿಗೆ 300ರ ಆಸುಪಾಸು. ತೊಳೆದ ಕಾರಿನ ನೀರು ಒರೆಸಲು 400 ಮೀರಿದ ದಪ್ಪದ್ದು.

ಅಂಕಿ ಇಲ್ಲದ ಕಡೆ ಕೈಯೇ ಅಳತೆ. ಒಣ ಅಂಗೈಯನ್ನು ಬಟ್ಟೆಯ ಮೇಲೆ ಮೆಲ್ಲಗೆ ಎಳೆಯಿರಿ. ಎಳೆ ಸೀಳಿದ್ದರೆ ಚರ್ಮಕ್ಕೆ ತುಸು ಕಚ್ಚಿದಂತಾಗುತ್ತದೆ. ಕೆಲಸ ಮಾಡಿ ಒರಟಾದ ಕೈಗಳಿಗೆ ಇದು ಬೇಗ ಗೊತ್ತಾಗುತ್ತದೆ. ಮನೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಬಹುದು: ಮೇಜಿನ ಮೇಲೆ ಒಂದು ಚಮಚ ನೀರು ಚೆಲ್ಲಿ ಬಟ್ಟೆಯಿಂದ ತಳ್ಳಿ. ಒಳ್ಳೆಯ ಬಟ್ಟೆ ನೀರನ್ನು ಕುಡಿಯುತ್ತದೆ, ಸೀಳದ ಎಳೆಯದು ಮುಂದಕ್ಕೆ ದೂಡುತ್ತದೆ.

ಬಣ್ಣ ಮತ್ತು ಮಡಿಕೆ

ಗಲ್ಫಿನ ಮಾಲ್, ಆಸ್ಪತ್ರೆ, ಹೋಟೆಲುಗಳಲ್ಲಿ ಕೆಲಸ ಮಾಡುವವರಿಗೆ ಬಣ್ಣದ ನಿಯಮ ಗೊತ್ತು. ಸಾಮಾನ್ಯವಾಗಿ ಕೆಂಪು ಶೌಚಾಲಯಕ್ಕೆ, ಹಳದಿ ಕೈತೊಳೆಯುವ ಬೇಸಿನ್ನಿಗೆ, ಹಸಿರು ಅಡುಗೆಮನೆಗೆ, ನೀಲಿ ಉಳಿದ ಜಾಗಕ್ಕೆ. ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗಬಹುದು, ತತ್ವ ಒಂದೇ: ಒಂದು ಕಡೆಯ ಬಟ್ಟೆ ಇನ್ನೊಂದು ಕಡೆ ಹೋಗಬಾರದು. ಏಕೆಂದರೆ ಈ ಬಟ್ಟೆ ರೋಗಾಣುವನ್ನು ಕೊಲ್ಲುವುದಿಲ್ಲ, ಎತ್ತಿಕೊಳ್ಳುತ್ತದೆ ಅಷ್ಟೇ. ಕಮೋಡು ಒರೆಸಿದ ಬಟ್ಟೆಯನ್ನೇ ಅಡುಗೆ ಕಟ್ಟೆಗೆ ತಂದರೆ ಎತ್ತಿದ್ದನ್ನು ಅಲ್ಲಿ ಇಳಿಸಿದ ಹಾಗೆ. ಮಗಳ ಮನೆಯಲ್ಲಿ ಎಲ್ಲವೂ ಹಳದಿಯಾದ್ದರಿಂದ ಬಚ್ಚಲಿನ ಬಟ್ಟೆಗಳ ಮೂಲೆಗೆ ಕೆಂಪು ನೂಲಿನ ಹೊಲಿಗೆ ಹಾಕಿದೆವು. ಆರು ವರ್ಷದ ಮೊಮ್ಮಗನಿಗೂ ಅದು ಅರ್ಥವಾಯಿತು. ಒಂದೇ ಕೋಣೆಯಲ್ಲಿ ಆರೇಳು ಜನ ಇರುವ ನಮ್ಮ ವಸತಿಗಳಲ್ಲಿ ಇದು ಇನ್ನೂ ಮುಖ್ಯ. ಮೀನು, ಕೋಳಿ ಕೊಯ್ದ ಹಲಗೆಗೆ ಬೇರೆಯೇ ಬಟ್ಟೆ ಇರಲಿ, ಹಲಗೆಯನ್ನು ಮೊದಲು ಸೋಪು, ಬಿಸಿನೀರಿನಲ್ಲಿ ತೊಳೆಯಿರಿ.

ಇನ್ನು ಮಡಿಕೆ. ಬಟ್ಟೆಯನ್ನು ಉಂಡೆ ಮಾಡಿ ಹಿಡಿಯಬೇಡಿ. ಒಮ್ಮೆ ಅರ್ಧಕ್ಕೆ, ಮತ್ತೆ ಅರ್ಧಕ್ಕೆ ಮಡಚಿದರೆ ಎರಡೂ ಬದಿ ಸೇರಿ ಎಂಟು ಶುದ್ಧ ಮೈ ಸಿಗುತ್ತದೆ. ಒಂದು ಮೈ ಕೊಳೆಯಾದಾಗ ತಿರುಗಿಸಿ. ಮೇಲಿನಿಂದ ಕೆಳಕ್ಕೆ, ಶುಚಿಯಾದ ಕಡೆಯಿಂದ ಕೊಳೆಯ ಕಡೆಗೆ ಒರೆಸಿ. ಧೂಳಿಗೆ ಒಣ ಬಟ್ಟೆ ಅಥವಾ ಚೆನ್ನಾಗಿ ಹಿಂಡಿದ ಬಟ್ಟೆ ಸಾಕು. ಗಾಜಿಗೆ ಎರಡು ಬಟ್ಟೆ ಬೇಕು, ಮೊದಲು ಒದ್ದೆಯದು, ಹಿಂದೆಯೇ ಒಣಗಿದ್ದು.

ಇದರ ಲಾಭ ಮೊದಲು ಸಿಗುವುದು ಒರೆಸುವವರ ಮೈಗೆ. ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ಮೆಡಿಕಲ್ ಸೆಂಟರ್ ಎಂಬ ಆಸ್ಪತ್ರೆ ನೆಲ ಒರೆಸಲು ಹತ್ತಿಯ ಭಾರದ ಮಾಪ್ ಬಿಟ್ಟು ಮೈಕ್ರೋಫೈಬರ್ ಮಾಪ್ ತಂದಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2002ರಲ್ಲಿ ಆ ಅನುಭವವನ್ನು ಪ್ರಕಟಿಸಿತು. ನೀರು ಕಡಿಮೆ, ರಾಸಾಯನಿಕ ಕಡಿಮೆ, ಮಾಪಿನ ಭಾರವೂ ಕಡಿಮೆ. ಒಂದೊಂದು ಕೋಣೆಗೆ ಹೊಸ ಮಾಪ್ ಬಟ್ಟೆ ಹಾಕುವುದರಿಂದ ಬಕೆಟ್ ಎತ್ತಿ ನೀರು ಚೆಲ್ಲುವ, ತುಂಬಿಸುವ ಕೆಲಸವೂ ಇಳಿಯಿತು. ದಿನಕ್ಕೆ ಎಷ್ಟು ಬಕೆಟ್ ಎತ್ತುತ್ತೇವೆ ಎಂದು ಬಲ್ಲ ಸೊಂಟಗಳಿಗೆ ಇದರ ಬೆಲೆ ಗೊತ್ತು.

ಒಗೆಯುವ ಕ್ರಮ

ವಾಷಿಂಗ್ ಮಷಿನ್ ಇದ್ದರೆ ಈ ಬಟ್ಟೆಗಳನ್ನೇ ಪ್ರತ್ಯೇಕವಾಗಿ ಹಾಕಿ. ಟವೆಲ್, ಲುಂಗಿಯ ಜೊತೆ ಹಾಕಿದರೆ ಹತ್ತಿಯ ಜುಂಗು ಎಳೆಗಳಿಗೆ ಸಿಕ್ಕಿಕೊಳ್ಳುತ್ತದೆ. ನೀರು 40 ಡಿಗ್ರಿ ಇರಲಿ, ಬಚ್ಚಲು ಮತ್ತು ಅಡುಗೆಮನೆಯ ಬಟ್ಟೆಗೆ 60 ಡಿಗ್ರಿವರೆಗೆ ಆದೀತು. ಸಾಫ್ಟನರ್ ಬೇಡ, ಕ್ಲೋರಿನ್ ಬ್ಲೀಚ್ ಬೇಡ, ಇಸ್ತ್ರಿ ಬೇಡವೇ ಬೇಡ. ಡ್ರೈಯರ್‌ನಲ್ಲಿ ಹಾಕುವುದಾದರೆ ಕಡಿಮೆ ಶಾಖ ಸಾಕು, ಪರಿಮಳದ ಹಾಳೆ ಹಾಕಬೇಡಿ. ಇದು ಪ್ಲಾಸ್ಟಿಕ್ ಎಂಬುದನ್ನು ಮರೆಯಬಾರದು. ಶಾಖ ಹೆಚ್ಚಾದರೆ ಎಳೆಯ ಅಂಚು ಕರಗಿ ಮೊಂಡಾಗುತ್ತದೆ.

ಕೈಯಲ್ಲಿ ಒಗೆಯುವವರು ಸೋಪಿನ ಪುಡಿಯನ್ನು ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ. ಕರಗದ ಕಣ ಎಳೆಯಲ್ಲಿ ಉಳಿದರೆ ಗಾಜಿಗೆ ಗೀರು ಬಿದ್ದೀತು. ಅರ್ಧ ಗಂಟೆ ನೆನೆಸಿ, ತಿಕ್ಕಿ, ನೊರೆ ಹೋಗುವವರೆಗೆ ಜಾಲಿಸಿ. ಬಾಲ್ಕನಿಯ ಕಂಬಿಯ ಮೇಲೆ ಇಡೀ ದಿನ ಬಿಟ್ಟರೆ ಮರಳ ಧೂಳು ಮತ್ತೆ ಹತ್ತುತ್ತದೆ, ಒಣಗಿದ ಕೂಡಲೇ ತೆಗೆಯಿರಿ. ಒದ್ದೆ ಬಟ್ಟೆಯನ್ನು ಮಡಚಿ ಇಡಬಾರದು, ಮುಗ್ಗಲು ವಾಸನೆ ಬರುತ್ತದೆ. ಪ್ರತಿ ಒಗೆತದಲ್ಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ. ಒಂದೆರಡು ಬಟ್ಟೆಗೆಂದು ಮಷಿನ್ ಓಡಿಸದೆ, ಕೂಡಿಟ್ಟು ಒಟ್ಟಿಗೆ ಒಗೆಯುವುದು ಒಳ್ಳೆಯದು. ಬಳಸಿದ ಬಟ್ಟೆ ಒಣಗಿಯೇ ಬುಟ್ಟಿಗೆ ಹೋಗಲಿ.

ಕೆಲವು ಎಚ್ಚರಿಕೆ

ಬಿಸಿ ಒಲೆ, ಬಿಸಿ ಪಾತ್ರೆ ಹಿಡಿಯಲು ಈ ಬಟ್ಟೆ ಬೇಡ, ಕರಗಿ ಕೈಗೆ ಅಂಟುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಟಿವಿ ಪರದೆಗೆ ಒತ್ತಬೇಡಿ, ಅದರಲ್ಲಿ ಮರಳು ಕೂತಿರುತ್ತದೆ. ಮರಳುಗಾಳಿಯ ಮರುದಿನ ಕಾರನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಬಣ್ಣಕ್ಕೆ ಗೀರು ಖಂಡಿತ, ಮೊದಲು ನೀರು ಸುರಿಯಿರಿ. ನಲ್ಲಿ ಮತ್ತು ಶವರ್ ಗಾಜಿನ ಬಿಳಿ ಕಲೆಗೆ ವಿನೆಗರ್ ಆಗುತ್ತದೆ, ಆದರೆ ಅಮೃತಶಿಲೆಗೆ ತಾಗಿದರೆ ಹೊಳಪು ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡದು: ಬ್ಲೀಚನ್ನು ವಿನೆಗರ್ ಜೊತೆಗಾಗಲಿ, ಆಮ್ಲ ಇರುವ ಟಾಯ್ಲೆಟ್ ಕ್ಲೀನರ್ ಜೊತೆಗಾಗಲಿ ಎಂದೂ ಬೆರೆಸಬೇಡಿ. ಅದರಿಂದ ಕ್ಲೋರಿನ್ ವಿಷಾನಿಲ ಏಳುತ್ತದೆ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾಗಬಹುದು.

ಹೇಳದೆ ಉಳಿದ ಮಾತು

ಭಾನುವಾರ ಕಿಟಕಿ ಸ್ವಚ್ಛವಾದ ಮೇಲೆ ಅಳಿಯ ಕೇಳಿದರು, “ಮಾವ, ಇದನ್ನೆಲ್ಲ ಎಲ್ಲಿ ಕಲಿತಿರಿ?”

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಗಳು ಬೆಳೆದದ್ದು ಊರಲ್ಲಿ, ಅಜ್ಜಿಯ ಹತ್ತಿರ. ಅವಳ ಮದುವೆಯ ಮಾತುಕತೆಯಲ್ಲೂ, ಅದಕ್ಕೆ ಮುಂಚೆಯೂ, ಅಪ್ಪನ ಕೆಲಸವೆಂದರೆ ‘ಬಿಲ್ಡಿಂಗ್ ಮೇಂಟೆನೆನ್ಸ್’ ಎಂದಷ್ಟೇ ಹೇಳಿದ್ದೆವು. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮೊದಲ ಆರು ವರ್ಷ ಆಸ್ಪತ್ರೆಯೊಂದರ ಶೌಚಾಲಯ ತೊಳೆದದ್ದನ್ನು ಯಾರಿಗೂ ಹೇಳಿರಲಿಲ್ಲ. ಆ ದಿನ ಹೇಳಿದೆವು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲೇ ಹೇಳಬಾರದಿತ್ತಾ ಅಪ್ಪ?” ಎಂದಳು. ಆಮೇಲೆ ಬಚ್ಚಲಿನ ಗಾಜು ಹೇಗೆ ಒರೆಸುವುದೆಂದು ತೋರಿಸಲು ಕರೆದುಕೊಂಡು ಹೋದಳು. ಅಳಿಯನೂ ಹಿಂದೆಯೇ ಬಂದರು.

ನಮ್ಮ ಸಂಘದಲ್ಲಿ ಈ ಕೆಲಸ ಮಾಡುವವರು ಹಲವರಿದ್ದೀರಿ. ನಿಮ್ಮ ಕೈಯಲ್ಲಿ ಇಷ್ಟು ವಿದ್ಯೆ ಇದೆ. ಮುಂದಿನ ಸಲ ಊರಿಗೆ ಹೋಗುವಾಗ ಚಾಕಲೇಟಿನ ಜೊತೆ ಒಂದು ಕಟ್ಟು ಮೈಕ್ರೋಫೈಬರ್ ಬಟ್ಟೆಯನ್ನೂ ಇಟ್ಟುಕೊಳ್ಳಿ. ಅದನ್ನು ಬಳಸುವುದು ಹೇಗೆಂದು ಮನೆಯವರಿಗೆ ನೀವೇ ಕಲಿಸಿ. ಎಲ್ಲಿ ಕಲಿತದ್ದು ಎಂದು ಕೇಳಿದರೆ ಹೇಳಿಬಿಡಿ.