ತೂತು ಮುಚ್ಚಿದ ಹೃದಯ ತಾಳ ತಪ್ಪಿದಾಗ

ಚಿಕ್ಕಂದಿನಲ್ಲಿ ಹೃದಯದ ತೂತಿಗೆ ಆಪರೇಷನ್ ಮಾಡಿಸಿಕೊಂಡವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇರಬಹುದು. ಎದೆಯ ಮೇಲೊಂದು ಕಲೆ ಬಿಟ್ಟರೆ ಅವರಿಗೆ ಬೇರೆ ತೊಂದರೆ ಇರುವುದಿಲ್ಲ. ನಲವತ್ತು ದಾಟಿದ ಮೇಲೆ ಒಂದು ದಿನ, ಅಡಿಕೆ ತೋಟದಿಂದ ಗುಡ್ಡ ಹತ್ತಿ ಮನೆಗೆ ಬರುವಾಗ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಏದುಸಿರು ಬರುತ್ತದೆ. ಮಂಡೆಕೋಲಿನಂಥ ಊರಿನಲ್ಲಿ ಇಂಥವರು ವೈದ್ಯರ ಮುಂದೆ ಕುಳಿತು ಹೇಳುವುದು ಒಂದೇ ಮಾತು: “ಗ್ಯಾಸ್ ಇರಬೇಕು ಡಾಕ್ಟ್ರೇ. ಹೃದಯದ್ದು ಅಂದೇ ಸರಿಯಾಗಿದೆಯಲ್ಲ!”

ನಾಡಿ ಹಿಡಿದು ನೋಡಿದರೆ ಕೆಲವರಲ್ಲಿ ಬೇರೆಯೇ ಕತೆ. ಬಡಿತಕ್ಕೆ ಲಯವೇ ಇರುವುದಿಲ್ಲ. ಇದೇ ‘ಏಟ್ರಿಯಲ್ ಫಿಬ್ರಿಲೇಷನ್’, ಅಂದರೆ ಹೃತ್ಕರ್ಣದ ಕಂಪನ.

ಹೀಗೇಕಾಗುತ್ತದೆ?

ಹೃದಯದ ಮೇಲಿನ ಎರಡು ಕೋಣೆಗಳೇ ಹೃತ್ಕರ್ಣಗಳು. ನಡುವಿನ ಗೋಡೆಯಲ್ಲಿ ಹುಟ್ಟಿನಿಂದ ತೂತಿದ್ದರೆ ಎಡಗಡೆಯ ರಕ್ತ ಬಲಕ್ಕೆ ನುಗ್ಗಿ, ಹೆಚ್ಚಿನ ಹೊರೆಯಿಂದ ಕೋಣೆ ಹಿಗ್ಗುತ್ತದೆ. 1952ರಲ್ಲಿ ಅಮೆರಿಕದ ಡಾ. ಜಾನ್ ಲೂಯಿಸ್ ಐದು ವರ್ಷದ ಬಾಲಕಿಯೊಬ್ಬಳ ಹೃದಯ ತೆರೆದು ಇಂಥ ತೂತನ್ನು ಹೊಲಿದರು. ಅಂದಿನಿಂದ ಅಸಂಖ್ಯ ಮಕ್ಕಳು ಬದುಕಿದ್ದಾರೆ. ಆದರೆ ತೂತು ಮುಚ್ಚಿದರೂ ಹಿಗ್ಗಿದ ಸ್ನಾಯು ಪೂರ್ತಿ ಮೊದಲಿನಂತಾಗದಿರಬಹುದು. ಹೊಲಿಗೆಯ ಕಲೆಯೂ ಉಳಿಯುತ್ತದೆ. ವರ್ಷಗಳ ನಂತರ ವಿದ್ಯುತ್ ಸಂಕೇತಗಳು ಅಲ್ಲಿ ದಾರಿ ತಪ್ಪುತ್ತವೆ. ತಡವಾಗಿ, ಅದರಲ್ಲೂ ನಲವತ್ತರ ನಂತರ ತೂತು ಮುಚ್ಚಿಸಿಕೊಂಡವರಲ್ಲಿ ಈ ಸಂಭವ ಹೆಚ್ಚು.

ಅಪಾಯವೇನು?

ಕೋಣೆ ಸರಿಯಾಗಿ ಕುಗ್ಗದೆ ಬರೀ ನಡುಗುವುದರಿಂದ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಆದ್ದರಿಂದ ಮೊದಲು ಇಸಿಜಿ, ಎಕೋ ಪರೀಕ್ಷೆ. ಅಗತ್ಯವಿದ್ದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ. ‘ವಾರ್ಫರಿನ್’ ತೆಗೆದುಕೊಳ್ಳುವವರು ರಕ್ತಪರೀಕ್ಷೆ ತಪ್ಪಿಸಬಾರದು. ಬಸಳೆ, ಹರಿವೆ ಬಿಡಬೇಕಾಗಿಲ್ಲ. ಒಂದು ವಾರ ರಾಶಿ, ಇನ್ನೊಂದು ವಾರ ಶೂನ್ಯ ಎಂದಾಗಬಾರದು, ಅಷ್ಟೆ.

ಅಬ್ಲೇಷನ್ ಎಂದರೆ?

ಮಾತ್ರೆಗಳಿಂದ ಲಯ ಹತೋಟಿಗೆ ಬಾರದವರಿಗೆ ‘ಕ್ಯಾತಿಟರ್ ಅಬ್ಲೇಷನ್’ ಒಂದು ದಾರಿ. ಎದೆ ಕೊಯ್ಯುವುದಿಲ್ಲ. ತೊಡೆಸಂದಿಯ ರಕ್ತನಾಳದ ಮೂಲಕ ಸಪೂರ ನಳಿಗೆಗಳನ್ನು ಹೃದಯಕ್ಕೆ ಕಳುಹಿಸಿ, ತಪ್ಪು ಸಂಕೇತ ಹುಟ್ಟುವ ಅಥವಾ ಸುತ್ತುವ ಜಾಗಕ್ಕೆ ಶಾಖ ಇಲ್ಲವೇ ಅತಿಶೀತ ಕೊಟ್ಟು ತಡೆ ಕಟ್ಟುತ್ತಾರೆ. ಶ್ವಾಸಕೋಶದಿಂದ ರಕ್ತ ತರುವ ನಾಳಗಳ ಬಾಯಿಯಲ್ಲೇ ಈ ಕಿಡಿ ಹೆಚ್ಚಾಗಿ ಹುಟ್ಟುತ್ತದೆಂದು 1998ರಲ್ಲಿ ಫ್ರಾನ್ಸಿನ ವೈದ್ಯರು ತೋರಿಸಿದರು.

ಆ ನಾಳಗಳಿರುವುದು ಎಡಗೋಣೆಯಲ್ಲಿ. ಅಲ್ಲಿಗೆ ಹೋಗಲು ನಡುಗೋಡೆಯನ್ನೇ ಚುಚ್ಚಬೇಕು. ಹಿಂದೆ ತೇಪೆ ಹಾಕಿದ್ದು ಅದೇ ಗೋಡೆಗೆ! ಅನುಭವಿ ತಜ್ಞರು ಎಕೋ ನೋಡುತ್ತಾ ತೇಪೆಯ ಪಕ್ಕದ ಜಾಗ ಹುಡುಕುತ್ತಾರೆ. ರಕ್ತಸ್ರಾವ, ಅಪರೂಪಕ್ಕೆ ಹೃದಯದ ಸುತ್ತ ರಕ್ತ ತುಂಬುವುದು, ಪಾರ್ಶ್ವವಾಯು ಇವು ಇದರ ಅಪಾಯಗಳು. ಕೆಲವರಿಗೆ ಎರಡನೇ ಬಾರಿ ಬೇಕಾದೀತು. ಲಯ ಸರಿಯಾಯಿತೆಂದು ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಕೊನೆಗೊಂದು ಮಾತು. ಅಂದು ಬರೀ ಹೊಲಿಗೆಯೋ, ತೇಪೆಯೋ, ಕೊಡೆಯಂಥ ಸಾಧನವೋ ಎಂಬುದು ಹಳೆಯ ಡಿಸ್ಚಾರ್ಜ್ ಚೀಟಿಯಲ್ಲಿರುತ್ತದೆ. ಪೆಟ್ಟಿಗೆಯಲ್ಲಿ ಜಾಗದ ದಾಖಲೆಗಳ ಜೊತೆ ಅದನ್ನೂ ಜೋಪಾನವಾಗಿಡಿ. ತೊಂದರೆ ಇಲ್ಲದಿದ್ದರೂ ಆಗಾಗ ಹೃದ್ರೋಗ ತಜ್ಞರಿಗೆ ತೋರಿಸಿ. ಎದೆ ಡವಗುಟ್ಟಿದಾಗ ಗ್ಯಾಸ್ ಎಂದು ಸೋಡಾ ಕುಡಿಯುವ ಮೊದಲು ನಾಡಿ ತೋರಿಸಿ. ಮುಖ ಸೊಟ್ಟಗಾದರೆ, ಕೈಕಾಲು ಬಲ ಕಳೆದುಕೊಂಡರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಿ.