ಒಬ್ಬರೇ ಬರೆಯುವ ಕೋಡ್‌ಗೂ ‘ಗಿಟ್’ ಬೇಕೆ?

ಹಗಲು ಲೆಕ್ಕಪತ್ರದ ಕೆಲಸ, ರಾತ್ರಿ ಊಟವಾದ ಮೇಲೆ ಒಂದು ಗಂಟೆ ಪೈಥಾನ್. ಪ್ರೋಗ್ರಾಮಿಂಗ್ ನನಗೆ ಹವ್ಯಾಸ ಮಾತ್ರ. ಹೀಗೆ ಬರೆದ ಮಗ್ಗಿ ಆಟವೊಂದನ್ನು ನಮ್ಮ ಬೀದಿಯ ಮಕ್ಕಳು ಆಡುತ್ತಾರೆ. ಅದರ ಫೋಲ್ಡರ್ ತೆರೆದರೆ ‘ಮಗ್ಗಿ ಹೊಸದು’, ‘ಮಗ್ಗಿ ಕೊನೆಯದು’, ‘ಮಗ್ಗಿ ಖಂಡಿತ ಕೊನೆಯದು’ ಎಂಬ ಫೈಲ್‌ಗಳ ಸಾಲು!

‘ಗಿಟ್ ಬಳಸಿ’ ಎಂದು ಬಲ್ಲವರು ಹೇಳುತ್ತಾರೆ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇಕೆ ಎಂಬುದು ನನ್ನ ಅನುಮಾನ.

ಅನುಮಾನಕ್ಕೆ ಕಾರಣವಿದೆ. ಗಿಟ್ ಹುಟ್ಟಿದ್ದೇ ದೊಡ್ಡ ಕೆಲಸಕ್ಕೆ. ಲಿನಕ್ಸ್‌ನ ತಿರುಳಾದ ‘ಕರ್ನಲ್’ ಬರೆಯಲು ಜಗತ್ತಿನ ನಾನಾ ಕಡೆಯ ಜನ ಕೈಜೋಡಿಸುತ್ತಾರೆ. ಅವರು ಬಳಸುತ್ತಿದ್ದ ‘ಬಿಟ್‌ಕೀಪರ್’ 2005ರಲ್ಲಿ ಉಚಿತವಾಗಿ ಸಿಗುವುದು ನಿಂತಾಗ, ಲಿನಸ್ ಟೋರ್ವಾಲ್ಡ್ಸ್ ತಾವೇ ಹೊಸ ಸಾಧನ ಬರೆಯಲು ಕುಳಿತರು. ಅದೇ ಗಿಟ್.

ಅದು ಮಾಡುವ ಕೆಲಸ ಮಾತ್ರ ಸರಳ. ಅಂಗಡಿಯ ದಿನವಹಿ ಪುಸ್ತಕವನ್ನು ನೆನೆಸಿಕೊಳ್ಳಿ. ಕೋಡ್ ಒಂದು ಹಂತಕ್ಕೆ ಬಂದಾಗ ‘ಕಮಿಟ್’ ಎಂದರೆ, ಆ ಕ್ಷಣದಲ್ಲಿ ಎಲ್ಲ ಫೈಲ್‌ಗಳು ಹೇಗಿದ್ದವೋ ಹಾಗೆ ದಾಖಲಾಗುತ್ತವೆ. ಯಾರು, ಯಾವಾಗ, ಏಕೆ ಬದಲಿಸಿದರು ಎಂಬ ಟಿಪ್ಪಣಿಯೂ ಜೊತೆಗಿರುತ್ತದೆ. ‘ಲಾಗ್’ ಎಂದರೆ ಹಳೆಯ ದಾಖಲೆಗಳ ಪಟ್ಟಿ. ‘ಡಿಫ್’ ಎಂದರೆ ಯಾವ ಸಾಲು ಹೋಯಿತು, ಯಾವುದು ಬಂತು ಎಂಬ ವಿವರ. ವಿಕಿಪೀಡಿಯದ ಪ್ರತಿ ಲೇಖನಕ್ಕೂ ಇರುವ ‘ಇತಿಹಾಸ’ ಪುಟ ನೋಡಿದವರಿಗೆ ಇದು ಹೊಸತಲ್ಲ.

ನನ್ನ ಕೋಡ್ ಊರಿಗೆಲ್ಲ ಕಾಣುತ್ತದೆಯೇ ಎಂಬುದು ಇನ್ನೊಂದು ಅಳುಕು. ಇಲ್ಲ. ಗಿಟ್ ಬೇರೆ, ಗಿಟ್‌ಹಬ್ ಬೇರೆ. 2008ರಲ್ಲಿ ಶುರುವಾದ ಗಿಟ್‌ಹಬ್ ಕೋಡ್ ಇಡುವ ಜಾಲತಾಣ. ಗಿಟ್ ನಮ್ಮ ಕಂಪ್ಯೂಟರಿನಲ್ಲೇ, ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುತ್ತದೆ. ಆದರೆ ಎರಡು ಎಚ್ಚರ ಬೇಕು. ಹಾರ್ಡ್‌ಡಿಸ್ಕ್ ಕೆಟ್ಟರೆ ಆ ಇತಿಹಾಸವೂ ಹೋಗುತ್ತದೆ. ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇರಲಿ. ಪಾಸ್‌ವರ್ಡ್‌ಗಳನ್ನು ಎಂದೂ ಕಮಿಟ್ ಮಾಡಬೇಡಿ. ಆಮೇಲೆ ಅಳಿಸಿದರೂ ಹಳೆಯ ದಾಖಲೆಯಲ್ಲಿ ಉಳಿದಿರುತ್ತವೆ.

ನನ್ನ ಅನುಮಾನಕ್ಕೆ ಉತ್ತರ ಸಿಕ್ಕಿದ್ದು ಎಂಟನೇ ತರಗತಿಯ ಮಗಳಿಂದ. “ಅಪ್ಪಾ, ಭಾಗಾಕಾರಾನೂ ಸೇರಿಸ್ಲಾ?” ಎಂದು ಅವಳು ಕೇಳುತ್ತಲೇ ಇದ್ದಳು. ನಡೆಯುತ್ತಿರುವ ಆಟ ನಿಂತರೆ ಬೀದಿಯ ಮಕ್ಕಳಿಗೆ ಏನು ಹೇಳುವುದು? ಬೇಡ ಎಂದರೆ ಅವಳ ಉತ್ಸಾಹ ತಣ್ಣಗಾಗುತ್ತದೆ. ಗಿಟ್‌ನಲ್ಲಿ ಇದಕ್ಕೆ ‘ಬ್ರಾಂಚ್’ ಇದೆ, ಅಂದರೆ ಕೊಂಬೆ. ಅವಳು ತನ್ನ ಕೊಂಬೆಯಲ್ಲಿ ಏನು ಬೇಕಾದರೂ ಬರೆಯಬಹುದು, ಮೂಲ ಆಟ ಹಾಗೇ ಇರುತ್ತದೆ. ಚೆನ್ನಾಗಿ ಬಂದರೆ ‘ಮರ್ಜ್’ ಮಾಡಿ ಸೇರಿಸಿಕೊಳ್ಳಬಹುದು, ಬಾರದಿದ್ದರೆ ನಷ್ಟವಿಲ್ಲ.

ಒಂದು ಸಂಜೆಗೆ ಬರೆದು ಮರೆಯುವ ಹತ್ತು ಸಾಲಿಗೆ ಗಿಟ್ ಬೇಕಿಲ್ಲ. ಮುಂದಿನ ತಿಂಗಳು ಮತ್ತೆ ತೆರೆಯುವ, ಇನ್ನೊಬ್ಬರ ಕೈ ಸೇರುವ ಕೋಡ್‌ಗೆ ಬೇಕು. ‘ಇನಿಟ್’, ‘ಆಡ್’, ‘ಕಮಿಟ್’, ‘ಲಾಗ್’ — ಆರಂಭಕ್ಕೆ ಈ ನಾಲ್ಕು ಆಜ್ಞೆ ಸಾಕು.

ಈಗ ನಮ್ಮ ಲಾಗ್‌ನಲ್ಲಿ ಮಗಳ ಹೆಸರಿನ ಮುಂದೆ ಒಂದು ಟಿಪ್ಪಣಿಯಿದೆ: ‘ಸೊನ್ನೆಯಿಂದ ಭಾಗಿಸಿದರೂ ಆಟ ನಿಲ್ಲಬಾರದು.’